ಇಂಗ್ಲಿಷಿಗೂ ಸಂಧಿಯುಂಟು!

ನನಗೆ ಇಂಗ್ಲಿಷ್ ಚೆನ್ನಾಗಿಯೇ ತಿಳಿಯುತ್ತದೆ. ಇಂಗ್ಲಿಷರು ಮಾತನಾಡದಿದ್ದರೆ ಮಾತ್ರ. ಬ್ಯಾಂಕಿನ ಪತ್ರ ಓದುತ್ತೇನೆ, ಔಷಧಿ ಬಾಟಲಿಯ ಮೇಲಿನ ಇರುವೆ ಸಾಲಿನಂಥ ಅಕ್ಷರಗಳನ್ನೂ ಬಿಡುವುದಿಲ್ಲ. ಪುಣೆಯಲ್ಲಿ ನಾವಾಡುವ ಇಂಗ್ಲಿಷ್ ಸಂಭಾವಿತ ಭಾಷೆ. ಒಂದು ಪದ ಮುಗಿಯುತ್ತದೆ, ಉಸಿರಾಡುತ್ತದೆ, ಆಮೇಲೆ ಇನ್ನೊಂದು ಬರುತ್ತದೆ. ಆದರೆ ಆ ಭಾಷೆಯಲ್ಲೇ ಹುಟ್ಟಿದವರು ಬಾಯಿ ತೆರೆದರೆ ಪದಗಳೆಲ್ಲ ಒಂದರ ಕೊರಳಿಗೊಂದು ಬಿದ್ದು ಓಡುತ್ತವೆ. ಆಗ ನಾನು ಮಾಡುವುದು ಒಂದೇ: "ಯೆಸ್ ಯೆಸ್" ಎಂದು ತಲೆಯಾಡಿಸುವುದು. ಮರಳಿ ಕೇಳಿದರೆ ಮರ್ಯಾದೆ ಏನಾದೀತು!

ಪುಣೆಯ ಕೊಂಢವಾದಲ್ಲಿ ನನ್ನದೊಂದು ಪರದೆ ಹೊಲಿದು ಕೊಡುವ ಅಂಗಡಿಯಿದೆ. ಬಾಗಲಕೋಟೆಯಿಂದ ಮದುವೆಯಾಗಿ ಬಂದವಳು ನಾನು; ಯಜಮಾನರು ಆಫೀಸಿಗೆ ಹೋದ ಮೇಲೆ ಗೋಡೆ ನೋಡುತ್ತ ಕೂರುವುದಾಗಲಿಲ್ಲ. ಈಚೆಗೆ ಪಕ್ಕದ ಕಟ್ಟಡಕ್ಕೆ ಹೆಲೆನ್ ಎಂಬ ಇಂಗ್ಲೆಂಡಿನ ಹೆಂಗಸು ಬಾಡಿಗೆಗೆ ಬಂದಳು, ಯಾವುದೋ ಕಂಪನಿ ಕೆಲಸದ ಮೇಲೆ. ಮೊದಲು ಬಾಲ್ಕನಿ ಬಾಗಿಲಿನ ಪರದೆ, ಅದು ಒಪ್ಪಿಗೆಯಾದರೆ ಇಡೀ ಮನೆಯದು ನನಗೇ. ಬಟ್ಟೆ ಅವಳೇ ಊರಿಂದ ತಂದದ್ದು, ಬೆಣ್ಣೆಯಂಥ ಲಿನನ್. ಅಳತೆ ತೆಗೆದು, ಪರದೆ ನೆಲ ಮುಟ್ಟುವಷ್ಟು ಉದ್ದವಿದ್ದರೆ ಅಡ್ಡಿಯಿಲ್ಲವೇ ಎಂದು ನನ್ನ ಇಂಗ್ಲಿಷಿನಲ್ಲಿ ಕೇಳಿದೆ: "ಫುಲ್ ಲೆಂತ್, ಫ್ಲೋರ್ ಟಚಿಂಗ್, ಯು ಮೈಂಡ್, ಮೇಡಂ?" ಅವಳು ನಕ್ಕು, "ನಾಟಟಾಲ್!" ಎಂದಳು. ನಾಟ್ ಎ ಟಾಲ್! ಉದ್ದ ಬೇಡ ಎಂದಳಲ್ಲ! ಅವರ ಕಡೆ ಗಿಡ್ಡ ಪರದೆಯೇ ಫ್ಯಾಶನ್ ಇರಬೇಕು, ಕೆಳಗಿನಿಂದ ಗಾಳಿಯೂ ಆಡುತ್ತದೆ ಎಂದುಕೊಂಡು "ಯೆಸ್ ಯೆಸ್" ಎಂದೆ. ಮರುದಿನ ಬಟ್ಟೆಯನ್ನು ಮೊಣಕಾಲ ಮಟ್ಟಕ್ಕೆ ಕತ್ತರಿಸಿ ಹೊಲಿದೂಬಿಟ್ಟೆ.

ತೂಗುಹಾಕಿದ ದಿನದ ಫಜೀತಿ ಏನು ಹೇಳಲಿ! ಹೆಲೆನ್ ಸಡಗರದಿಂದ ಬಾಲ್ಕನಿಗೆ ಹೋಗಿ ನಿಂತಳು. ನಾನು ಒಳಗಿನಿಂದ ಪರದೆ ಎಳೆದೆ. ಅವಳು ಮಾಯ, ಕೆಳಗೆ ಬಿಳಿಯ ಕಾಲುಗಳೆರಡು ಮಾತ್ರ ಉಳಿದವು. ಸ್ವಲ್ಪ ಹೊತ್ತು ಆ ಕಾಲುಗಳು ಅಲ್ಲಾಡಲಿಲ್ಲ. ಆಮೇಲೆ ಪರದೆಯ ಕೆಳಗಿನಿಂದ ಮುಖವೊಂದು ಬಗ್ಗಿ ನೋಡಿ, ಉಳಿದ ಪರದೆ ಎಲ್ಲಿ ಎಂದು ಕೇಳಿತು.

"ನೀವೇ ಹೇಳಿದಿರಲ್ಲ, ನಾಟ್ ಎ ಟಾಲ್!" ಎಂದೆ. ಅವಳು ಕಣ್ಣು ಪಿಳಿಪಿಳಿ ಬಿಟ್ಟಳು. ಆಮೇಲೆ ಮಗುವಿಗೆ ತುತ್ತು ಮಾಡಿಕೊಟ್ಟ ಹಾಗೆ ಬಿಡಿಸಿ ಹೇಳಿದಳು: "ನಾಟ್... ಅಟ್... ಆಲ್." ಏನೇನೂ ಅಡ್ಡಿಯಿಲ್ಲ! ಹೇಳಿದವಳೇ ನೆಲದ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ನನಗೆ ಅಳು ಬರಬೇಕಿತ್ತು. ಆದರೆ ಅದೇ ಗಳಿಗೆಯಲ್ಲಿ ತಲೆಯೊಳಗೆ ದೀಪ ಹತ್ತಿತು. ಹಿಂದಿನ ಪದದ ಬಾಲ ಮುಂದಿನ ಪದದ ತಲೆಗೆ ಅಂಟುವುದೆಂದರೆ ಇದು ಸಂಧಿಯಲ್ಲವೇ! ಹೈಸ್ಕೂಲಿನಲ್ಲಿ ಬೈಸಿಕೊಂಡು ಕಲಿತ ಸಂಧಿ! ನಾನು ಅವಳ ಎದುರಿಗೇ ಕೂತು ಒಂದೊಂದೇ ಪರೀಕ್ಷಿಸತೊಡಗಿದೆ. "ಗೋ ಅವೇ" ಅನ್ನಿ ಎಂದೆ. "ಗೋವವೇ" ಎಂದಳು. ಅಯ್ಯೋ, ಗುರುವನ್ನು ಎಂಬಲ್ಲಿ ಬರುವ ನಮ್ಮದೇ ವಕಾರ, ಆಗಮ ಸಂಧಿ! "ನೆಕ್ಸ್ಟ್ ಡೋರ್" ಅವಳ ಬಾಯಲ್ಲಿ "ನೆಕ್ಸ್‌ಡೋರ್" ಆಯಿತು, ಟಕಾರ ಲೋಪ! "ಡಿಡ್ ಯು" ಎಂಬುದು "ಡಿಜು" ಆದಾಗಲಂತೂ, ಮಳೆ ಕಾಲ ಸೇರಿ ಮಳೆಗಾಲವಾದಂತೆ ಡಕಾರ ಹೋಗಿ ಜಕಾರ ಬಂತೆಂದು ಚಪ್ಪಾಳೆಯನ್ನೇ ತಟ್ಟಿದೆ. ಅರ್ಧ ಪರದೆಯ ಕೆಳಗೆ ಇಬ್ಬರೂ ಕೂತು ಚೀರುವುದನ್ನು ಎದುರು ಕಟ್ಟಡದವರು ನೋಡುತ್ತಿದ್ದರು. ನೋಡದಂತೆ ತಡೆಯಬೇಕಾದ ಪರದೆ ಮೊಣಕಾಲಿನ ಮೇಲಿತ್ತು.

ಸಂಜೆ ಯಜಮಾನರು ಚಪ್ಪಲಿ ಬಿಡುವ ಮೊದಲೇ ಕೂಗಿದೆ. "ರೀ, ಇಂಗ್ಲಿಷಿನ್ಯಾಗೂ ಸಂಧಿ ಅದ ರೀ! ಲೋಪ, ಆಗಮ, ಆದೇಶ, ಎಲ್ಲಾ ಅದ!"

"ಹೌದೇನು? ಭಾಳ ಚಲೋ ಆತು. ಮನ್ಯಾಗ ಅನ್ನ ಅದ ಏನು?"

"ಅನ್ನ ಇನ್ನೂ ಇಟ್ಟಿಲ್ರೀ."

"ಹಂಗಾದ್ರ ಅದು ಅನ್ನಲೋಪ," ಎಂದು ಅವರೇ ಕುಕ್ಕರ್ ಇಟ್ಟರು.

ಲಿನನ್ನಿನ ಕೆಳಗೆ ಹಸಿರು ಖಣದ ಪಟ್ಟಿಯೊಂದನ್ನು ಜೋಡಿಸಿ ನೆಲ ಮುಟ್ಟಿಸಿದೆ. ಹೆಲೆನ್ ಅದನ್ನು ಹಿಂದೆ ಮುಂದೆ ನಡೆದು ನೋಡಿ, ಉಳಿದ ಕಿಟಕಿಗಳಿಗೂ ಹಾಗೆಯೇ ಬೇಕೆಂದಳು. ಅಲ್ಲಿಗೆ ನಾನು ಸುಮ್ಮನಾಗಬೇಕಿತ್ತು. ಗುಟ್ಟು ತಿಳಿದ ಮೇಲೆ ಬಾಯಿ ಕೇಳಬೇಕಲ್ಲ! ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದೆ, ಸೌಟು ತಿರುಗಿಸುತ್ತ ಅಭ್ಯಾಸ ಮಾಡಿದೆ.

ಕಳೆದ ವಾರ ಹಿಂಜವಾಡಿಯ ಐಟಿ ಕಂಪನಿಯಲ್ಲಿ ಕೆಲಸ ಮಾಡುವ ಬೆಂಗಳೂರಿನ ಹುಡುಗಿಯೊಬ್ಬಳು ಅಂಗಡಿಗೆ ಬಂದಳು. ದಿನವಿಡೀ ಇಂಗ್ಲಿಷಿನಲ್ಲೇ ದುಡಿಯುವವಳು. ಇಂಥವಳ ಮುಂದಲ್ಲದೆ ಇನ್ಯಾರ ಮುಂದೆ ವಿದ್ಯೆ ತೋರಿಸುವುದು? "ವಾಟ್ ಡು ಯು ವಾಂಟ್ ಟು ಬೈ" ಎಂದು ಕೇಳಬೇಕಿತ್ತು; ಲೋಪ, ಆಗಮ, ಆದೇಶಗಳನ್ನೆಲ್ಲ ಸೇರಿಸಿ ಒಂದೇ ಉಸಿರಿಗೆ, "ವಾಜವಾನಬೈ?" ಎಂದೆ.

ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು. ನಾನು ಆಗಷ್ಟೇ ಫೋನಿನಲ್ಲಿ ಯಜಮಾನರೊಂದಿಗೆ ಕನ್ನಡದಲ್ಲಿ ಮಾತಾಡಿದ್ದು ಕೇಳಿಸಿಕೊಂಡಿದ್ದಳೆಂದು ಕಾಣುತ್ತದೆ. ಕನಿಕರದಿಂದ, ಒಂದೊಂದೇ ಪದ ಬಿಡಿಸಿ ಹೇಳಿದಳು: "ಆಂಟಿ, ಇಂಗ್ಲಿಷ್ ಬರದಿದ್ರೆ ಪರವಾಗಿಲ್ಲ. ಕನ್ನಡದಲ್ಲೇ ಹೇಳಿ."