ಕಾಕಾ ಉಣ್ಣದ ಒಂದೇ ಊರು

ನಮ್ಮ ಕಾಕಾ ಭಕ್ತಿಯಿಂದ ಊರೂರು ತಿರುಗುತ್ತಿದ್ದರೆಂದು ಆಳಂದದಲ್ಲಿ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ! ನಿಜಾಮರ ಕಾಲದ ಆ ದಿನಗಳಲ್ಲಿ ಉಳಿದವರು ಕಚೇರಿ ಕೆಲಸಕ್ಕೆ ಬಂಡಿ ಹೂಡಿದರೆ, ಇವರು ಯಾವ ಊರಲ್ಲಿ ಯಾವ ಬೆಳೆ ಬಾಯಿಗೆ ಬಂತೆಂದು ಕೇಳಿಕೊಂಡು ಹೂಡುತ್ತಿದ್ದರು.

ಒಂದು ಚಳಿಗಾಲ, ಆಗಷ್ಟೇ ಮಾಸ್ತರಿಕೆಗೆ ಸೇರಿದ್ದ ನಾನೂ ಕುತೂಹಲಕ್ಕೆ ಬಂಡಿ ಹತ್ತಿದೆ. ಅಫಜಲಪುರದ ಹತ್ತಿರ ಒಬ್ಬ ರೈತ ಎಳೆ ಜೋಳದ ತೆನೆ ಸುಟ್ಟು, ತಿಕ್ಕಿ, ಬಿಸಿಬಿಸಿ ಸೀತನಿ ಕೊಟ್ಟ. ಕಾಕಾ ಕಣ್ಣು ಮುಚ್ಚಿ ಅಗಿದು, ಎರಡು ದಿನ ಮೊದಲೇ ಮುರಿಯಬೇಕಿತ್ತು ಎಂದು ನಿಟ್ಟುಸಿರಿಟ್ಟರು. ಅವನಿಗೆ ಮಾನದ ಪ್ರಶ್ನೆ! ತಡವಾಗಿ ಬಿತ್ತಿದ ಮೂಲೆಗೆ ಓಡಿ, ಹೊಸ ತೆನೆ ತಂದು ಮತ್ತೆ ಸುಟ್ಟ. ಕಾಕಾ ಹೀಗೆ ಪ್ರತಿ ಹೊಲದಲ್ಲೂ ಎರಡೆರಡು ಸಲ ತಿನ್ನುತ್ತಾರೆಂದು ಪೆದ್ದನಾದ ನನಗೆ ಹೊಳೆದದ್ದು ಮೂರನೆಯ ಹೊಲದಲ್ಲಿ. ಘತ್ತರಗಿಯ ಗುಡಿಯಲ್ಲಿ ಭಾಗ್ಯವಂತಿ ದೇವಿಗೆ ಕೈ ಮುಗಿದರು, ನಿಜ. ಆದರೆ ಕಣ್ಣು ಹೊಳೆದಂಡೆಯ ಬದನೆಕಾಯಿಯ ಮೇಲಿತ್ತು.

ಇಂಥ ಮನುಷ್ಯ ಉಣ್ಣದ ಊರು ಒಂದೇ. ಹೊಳೆಯಾಚೆ, ಜೇವರ್ಗಿ ಸೀಮೆಯಲ್ಲಿ, ಯಡ್ರಾಮಿಯ ಬಳಿ ಮಗಳನ್ನು ಕೊಟ್ಟ ಊರು. ಮಗಳ ಮಡಿಲು ತುಂಬುವವರೆಗೆ ತಂದೆ ಆಕೆಯ ಮನೆಯಲ್ಲಿ ಉಣ್ಣಬಾರದೆಂಬುದು ನಮ್ಮಲ್ಲಿ ಪದ್ಧತಿ. ಮದುವೆಯಾಗಿ ಎಂಟು ವರ್ಷ, ಮಕ್ಕಳಿಲ್ಲ. ಎಂಟೂ ವರ್ಷ ಕಾಕಾ ಹೋಗಿ, ಕಟ್ಟೆಯ ಮೇಲೆ ಕೂತು, ಹನಿ ನೀರೂ ಮುಟ್ಟದೆ ಬಂದಿದ್ದರು. ಆ ಮಗಳ, ಅಂದರೆ ನನ್ನ ಅಕ್ಕನ, ಕೈಯಡಿಗೆ ಅವರಿಗೆ ಎಷ್ಟು ಬೇಕಾಗಿತ್ತೆಂದರೆ, ದಾರಿಯುದ್ದಕ್ಕೂ ಅದೇ ಮಾತು.

ನಾವು ಆ ಊರು ಮುಟ್ಟಿದ್ದು ಎಳ್ಳಮಾವಾಸ್ಯೆಯ ದಿನ. ಮನೆಮಂದಿಯೆಲ್ಲ ಹೊಲದಲ್ಲಿದ್ದರು. ಭೂಮಿತಾಯಿಗೆ ಎಡೆಯಿಟ್ಟು, ಎಡೆಯ ಅಡಿಗೆಯನ್ನೇ ಚರಗವೆಂದು ಬೆಳೆಯ ಸುತ್ತ ಚೆಲ್ಲಿ, ಸಜ್ಜೆ ರೊಟ್ಟಿ, ಕಾಳು-ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ ಎಂದು ಊಟಕ್ಕೆ ಕೂತರು. ಅಳಿಯ ಕರೆದ. ಕಾಕಾ ದೂರ ಸರಿದು ಬದುವಿನ ಮೇಲೆ ಕೂತು, "ಮೊಮ್ಮಗ ಬರಲಿ, ಆಮ್ಯಾಲ ಉಣ್ತೇನಿ" ಎಂದರು. ಎಲ್ಲರ ಕೈ ತಟ್ಟೆಯಲ್ಲೇ ನಿಂತಿತು. ಪಾಪ, ನೋಯಿಸಬೇಕೆಂದು ಆಡಿದ್ದಲ್ಲ, ರೂಢಿಯ ಬಾಯಿ.

ಅಕ್ಕ ರೊಟ್ಟಿಯ ಬುಟ್ಟಿ ಎತ್ತಿಕೊಂಡು ಅವರ ಮುಂದೆ ಬಂದು ನಿಂತಳು.

"ಅಪ್ಪಾ, ಇದು ನನ್ನ ಮನಿ ಅಲ್ರಿ. ಇವತ್ತ ಬಸರಿ ಭೂಮಿತಾಯಿದು ಬಯಕಿ ಊಟ. ನಾ ಹಡಿಲಿಲ್ಲ, ಖರೆ. ಆಕಿ ವರ್ಷಾ ವರ್ಷಾ ಹಡಿತಾಳ. ಆಕಿ ಮನ್ಯಾಗ ಉಣ್ರಿ."

ಕಾಕಾ ಎರಡೂ ಅಂಗೈ ಚಾಚಿದರು. ಅಕ್ಕ ರೊಟ್ಟಿಯಿಟ್ಟು, ಮೇಲೆ ಭಜ್ಜಿ ಹಾಕಿದಳು. ನಾನು ಎತ್ತುಗಳ ಕಡೆ ಮುಖ ತಿರುಗಿಸಿದೆ. ಅಪ್ಪ ಮೊದಲ ತುತ್ತು ನುಂಗುವವರೆಗೆ ಅಕ್ಕ ಅಲ್ಲಿಂದ ಕದಲಲಿಲ್ಲ.