ಮಣ್ಣಿಗೆ ಹೊರಟ ಕರೆಂಟ್ ಬೈಕು

ಒಂದು ಸಲ ಚಾರ್ಜ್ ಮಾಡಿದರೆ ನೂರೈವತ್ತು ಕಿಲೋಮೀಟರ್ ಓಡುತ್ತದೆಂದು ಶೋರೂಮಿನವರು ಹೇಳಿದ್ದನ್ನು ಯಗಟಿಯ ಭೈರೇಶ ವೇದವಾಕ್ಯವೆಂದು ನಂಬಿದ್ದ. ಒಬ್ಬನೇ ಕೂತು, ಗಾಳಿಯಿಲ್ಲದ ದಿನ ನೋಡಿಕೊಂಡು, ನಿಧಾನಕ್ಕೆ ಹೋದರೆ ಮಾತ್ರ ಎಂಬುದನ್ನು ಅವರೂ ಹೇಳಲಿಲ್ಲ, ಇವನೂ ಕೇಳಲಿಲ್ಲ.

ಆವತ್ತು ಬೆಳಿಗ್ಗೆ ಲಕ್ಕವಳ್ಳಿಯಿಂದ ಭಾಮೈದ ಮಹೇಂದ್ರನ ಫೋನು ಬಂತು. ಮಾವ ಮಂಜಪ್ಪ ತೀರಿಕೊಂಡಿದ್ದರು. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡುತ್ತಾರಂತೆ.

"ಬಸ್ಸಿಗೆ ಹೋಗಾಣ ಕಣ್ರೀ. ಅಪ್ಪನ ಮುಖ ನೋಡ್ಬೇಕು ನಾನು," ಎಂದು ಹೆಂಡತಿ ಭವ್ಯ ಅತ್ತಳು.

"ಬಸ್ಸಾದ್ರೆ ಕಡೂರಿಗೋಗಿ, ತರೀಕೆರೆಗೋಗಿ, ಆಮೇಲೆ ಲಕ್ಕವಳ್ಳಿ. ನಮ್ ಗಾಡೀಲಿ ಅಜ್ಜಂಪುರದ ಮೇಲೆ ಸುಯ್ ಅಂತ ಹೋಗ್ಬಿಡಾಣ."

ಸುಯ್ ಎಂದು ಹೋಗಿದ್ದು ಬ್ಯಾಟರಿ. ಎದುರುಗಾಳಿ, ಗುಂಡಿ, ಇಬ್ಬರ ಭಾರ. ಹಿಂದಿನ ಸೀಟಂತೂ ಚಪಾತಿ ಮಣೆಯಷ್ಟೇ ಇತ್ತು. ಅಜ್ಜಂಪುರ ದಾಟುವಷ್ಟರಲ್ಲಿ ಭವ್ಯಳ ಸೊಂಟ ಮರಗಟ್ಟಿ, ಅಪ್ಪನಿಗಾಗಿ ಅಳುತ್ತಿದ್ದಾಳೋ ಸೊಂಟಕ್ಕಾಗಿ ಅಳುತ್ತಿದ್ದಾಳೋ ಅವಳಿಗೇ ತಿಳಿಯದಂತಾಗಿತ್ತು. ಮೀಟರಿನಲ್ಲಿ ಕೆಂಪು ದೀಪ ಹತ್ತಿತು.

ಗಾಡಿ ಚಾರ್ಜಿಗೆ ಹಾಕಲು ಕೇಳಿದಾಗ, ರಸ್ತೆ ಬದಿಯ ಮನೆಯ ದುರ್ಗಮ್ಮ ಪ್ಲಗ್ಗು ತೋರಿಸಲು ಎದ್ದವಳು, "ಎಲ್ಲಿಗಪ್ಪಾ ಹೊಂಟಿದ್ದು?" ಎಂದಳು.

"ಮಾವ ತೀರ್ಕಂಡವ್ರೆ. ಮಣ್ಣಿಗೆ."

ದುರ್ಗಮ್ಮ ಮತ್ತೆ ಕೂತಳು. "ಸೂತಕದ ವೈರು ಒಳಗೆ ಬ್ಯಾಡ ಕಣಪ್ಪಾ. ಮನೇಲಿ ಬಾಣಂತಿ ಅವ್ಳೆ."

ಗಾಡಿ ತಳ್ಳುತ್ತಾ ಭೈರೇಶ ಬುದ್ಧಿವಂತನಾದ. "ಇನ್ನು ಸಾವು ಅನ್ಬಾರ್ದು. ಹೊಸ ಗಾಡಿ ತೋರ್ಸಕ್ಕೆ ನಿನ್ ತವರಿಗೆ ಹೊಂಟಿದೀವಿ. ಅಳಬ್ಯಾಡ ಕಣೇ!"

ಮುಂದಿನ ಮನೆಯ ಯಜಮಾನ ಓಂಕಾರೇಶ್ ಬಿಳಿ ಪಂಚೆಯುಟ್ಟು ಕಾರು ಹತ್ತುವುದರಲ್ಲಿದ್ದರು. ಲಕ್ಕವಳ್ಳಿಯ ತವರಿಗೆ ಹೊರಟಿದ್ದಾರೆಂದು ಕೇಳಿ ಪ್ಲಗ್ಗು ಕೊಟ್ಟು, "ಲಕ್ಕವಳ್ಳೀಲಿ ಯಾರ ಮನೆ?" ಎಂದರು.

"ಮಂಜಪ್ಪೋರ ಅಳಿಯ ನಾನು."

ಓಂಕಾರೇಶ್ ತೆರೆದಿದ್ದ ಕಾರಿನ ಬಾಗಿಲನ್ನು ಮತ್ತೆ ಮುಚ್ಚಿದರು. "ಅವ್ರು... ಹೆಂಗವ್ರೆ?"

"ಗುಂಡುಕಲ್ಲಿನಂಗವ್ರೆ!"

ಓಂಕಾರೇಶ್ ಭವ್ಯಳ ಮುಖ ನೋಡಿದರು, ಭೈರೇಶನ ಮುಖ ನೋಡಿದರು, ತಲೆದೂಗಿದರು. ಹೆಂಡತಿ ಕೋಮಲಾಳ ಕಿವಿಯಲ್ಲಿ ಏನೋ ಹೇಳಿ ಕಾರು ಬಿಟ್ಟುಕೊಂಡು ಹೋದರು.

ಕೋಮಲಾ ಪಾಯಸ ಮಾಡಿ ಬಡಿಸಿದಳು. ತಂದೆ ಸತ್ತ ದಿನ ಆ ಪಾಯಸವನ್ನು ಭವ್ಯ ಹೇಗೆ ನುಂಗಿದಳೋ ದೇವರೇ ಬಲ್ಲ. ಕಣ್ಣೇಕೆ ಕೆಂಪಗಿದೆ ಎಂದರೆ ಧೂಳೆಂದಳು. ಅವಳ ಫೋನು ಗಡಿಬಿಡಿಯಲ್ಲಿ ಮನೆಯಲ್ಲೇ ಉಳಿದಿತ್ತು. ಭೈರೇಶನ ಫೋನಿಗೆ ಮಹೇಂದ್ರ ಮೇಲಿಂದ ಮೇಲೆ ಕರೆ ಮಾಡಿದ. ಕೋಮಲಾ ಎದುರಿಗೇ ಕೂತಿದ್ದಳು. ಮಾತಾಡಿದರೆ ಗುಟ್ಟು ರಟ್ಟಾಗಿ ಪ್ಲಗ್ಗು ಹೋಗುತ್ತದೆ. ಭೈರೇಶ ಪ್ರತಿ ಸಲವೂ ಕಟ್ ಮಾಡಿ, ಕೊನೆಗೆ ಸ್ವಿಚ್ ಆಫ್ ಮಾಡಿದ.

ಲಕ್ಕವಳ್ಳಿ ಮುಟ್ಟಿದಾಗ ಇನ್ನೂ ಬಿಸಿಲಿತ್ತು. "ನೋಡ್ದಾ? ಹೊತ್ತಿದ್ದಂಗೇ ಬಂದ್ವಿ," ಎಂದ ಭೈರೇಶ.

ಅಂಗಳ ಖಾಲಿಯಿತ್ತು. ಹೊಲದ ಮೂಲೆಯಲ್ಲಿ ಗುಣಿ ಮುಚ್ಚಿ ಜನ ಕೈ ತೊಳೆಯುತ್ತಿದ್ದರು. ಅವರ ನಡುವೆ ಓಂಕಾರೇಶ್ ನಿಂತಿದ್ದರು.

ಮಹೇಂದ್ರ ಓಡಿ ಬಂದ. "ಭಾವ, ಅಕ್ಕಂಗೆ ಸಾವಿನ ಸುದ್ದಿ ಹೇಳೇ ಇಲ್ವಂತೆ, ಓಂಕಾರೇಶಣ್ಣ ಅಂದ್ರು! ಫೋನೂ ಕಟ್ ಮಾಡ್ತಿದ್ರಿ. ಮಗಳಿಗೆ ಮುಖ ತೋರ್ಸೋದು ಅಳಿಯಂಗಿಷ್ಟ ಇಲ್ಲ, ಅದಕ್ಕೇ ಬೇಕಂತ ತಡ ಮಾಡ್ತಾವ್ರೆ ಅಂತ ಹಿರೀಕರು ಅಪ್ಪನ್ನ ಎತ್ತಿಸ್ಬಿಟ್ರು."

"ಹೆಣ್ಮಗಳ ಎದೆ ದಾರೀಲಿ ಒಡೀಬಾರ್ದು ಅಂತ ಮುಚ್ಚಿಡ್ತಾವ್ನೆ ಅಂದ್ಕಂಡೆ ಕಣಪ್ಪಾ," ಎಂದರು ಓಂಕಾರೇಶ್. "ಅದಕ್ಕೇ ನಾನೂ ಬಾಯ್ಬಿಡ್ದೆ, ಇದೇ ಮಣ್ಣಿಗೆ ಕಾರಲ್ಲಿ ಒಬ್ನೇ ಬಂದೆ. ಇಲ್ದಿದ್ರೆ ನಿಮ್ಮಿಬ್ರನ್ನೂ ಕೂರಿಸ್ಕಂಡು ಬತ್ತಿರ್ಲಿಲ್ವಾ?"

ಭವ್ಯ ಹಸಿ ಮಣ್ಣಿನ ಮೇಲೆ ಕುಸಿದಳು. "ನಂಗೆ ಬೆಳಿಗ್ಗೇನೇ ಗೊತ್ತಿತ್ತಲ್ಲಣ್ಣಾ!"

ಕೈ ತೊಳೆಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಓಂಕಾರೇಶರಿಗೆ ತಲೆಬುಡ ತಿಳಿಯಲಿಲ್ಲ.

"ಮತ್ತೆ ನೀನ್ಯಾಕಪ್ಪಾ ಸುಳ್ಳೇಳಿದ್ದು?"

ಭೈರೇಶ ತಲೆ ತಗ್ಗಿಸಿದ.

"ಚಾರ್ಜಿಗೆ."