ಇನ್ನೂರು ವಾಟಿನ ಡಬ್ಬ

ಕಂಪ್ಯೂಟರ್ ಜೋಡಿಸಿಕೊಡುವ ಅಂಗಡಿ ಇಟ್ಟವನು ನಗು ಹುಡುಕಿಕೊಂಡು ಎಲ್ಲೂ ಹೋಗಬೇಕಾಗಿಲ್ಲ, ಅದೇ ಬಾಗಿಲಿಗೆ ಬಂದು ಕೂರುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ ಚಾಮರಾಜನಗರದಲ್ಲಿ ನನಗೊಂದು ಪುಟ್ಟ ಅಂಗಡಿಯಿತ್ತು. ಗುಂಡ್ಲುಪೇಟೆಯ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಯಜಮಾನರು ಐದು ಕಂಪ್ಯೂಟರ್ ಬೇಕೆಂದರು. ಮೊದಲು ಒಂದು ತರಬೇಕು, ಅದು ಬೆಳಗ್ಗೆಯಿಂದ ಸಂಜೆಯವರೆಗೆ ನಿಲ್ಲದೆ ಓಡಿದರೆ ಉಳಿದ ನಾಲ್ಕನ್ನೂ ನನ್ನಿಂದಲೇ ಕೊಳ್ಳುವ ಮಾತು. ಅಷ್ಟು ದೊಡ್ಡ ಆರ್ಡರ್ ನಾನು ಕಂಡೇ ಇರಲಿಲ್ಲ. ಆದರೆ ಎಲ್ಲವೂ ಅಗ್ಗದ್ದಾಗಿರಬೇಕಂತೆ. ಹಾಗಾಗಿ ಒಳಗೆಲ್ಲ ಕರೆಂಟು ಹಂಚುವ ತಗಡಿನ ಡಬ್ಬ, ಅಂದರೆ ಎಸ್‌ಎಂಪಿಎಸ್, ಅಗ್ಗದ್ದನ್ನೇ ತರಿಸಿದೆ. ಮೇಲೆ ಇನ್ನೂರು ವಾಟ್ ಎಂದು ಬರೆದಿತ್ತು. ನನಗೆ ನಂಬಿಕೆ ಬರಲಿಲ್ಲ.

೧. ತೂಕ

ಒಳ್ಳೆಯ ಎಸ್‌ಎಂಪಿಎಸ್ ಭಾರವಾಗಿರುತ್ತದೆ ಎಂಬುದು ನಮ್ಮ ಕಸುಬಿನವರ ಲೆಕ್ಕ. ತಕ್ಕಡಿಯಿಲ್ಲದ ನಾನು ಪಕ್ಕದ ಅರಿಶಿನ ಮಂಡಿಗೆ ಹೋದೆ. ಸಾಹುಕಾರರು ತೂಗಿ ಸಾವಿರದ ಇನ್ನೂರು ಗ್ರಾಂ ಎಂದರು. ಆಮೇಲೆ ಅರಿಶಿನಕ್ಕೆ ಮಾಡುವಂತೆ ಐವತ್ತು ಗ್ರಾಂ ಮಣ್ಣಿಗೆ ಕಳೆದು ಬರೆದುಕೊಳ್ಳಲು ಹೇಳಿದರು. ಇದು ತಗಡು, ಇದರಲ್ಲಿ ಮಣ್ಣೆಲ್ಲಿಂದ ಬರುತ್ತದೆ ಎಂದೆ.

"ಮಂಡಿಗೆ ಬರೋರೆಲ್ಲ ಅಂಗೇ ಅನ್ನದು ಕಣಪ್ಪ" ಎಂದರು.

೨. ಬಲ್ಬು

ಡಬ್ಬ ಕರೆಂಟಿನ ಭಾರ ಹೊರುತ್ತದೋ ನೋಡಲು ಸ್ಕೂಟರಿನ ಹೆಡ್‌ಲೈಟ್ ಬಲ್ಬನ್ನು ಅದರ ವೈರಿಗೆ ಕಟ್ಟಿದೆ. ಝಗ್ಗನೆ ಹೊತ್ತಿಕೊಂಡಿತು. ಬಿಸಿಲೆಂದು ಅಂಗಡಿಯ ನೆರಳಿಗೆ ಬಂದು ಕೂತಿದ್ದ ಚಂದಕವಾಡಿಯ ಹಿರಿಯರೊಬ್ಬರಿಗೆ ಅದು ಬಹಳ ಹಿಡಿಸಿತು. ದನದ ಕೊಟ್ಟಿಗೆಗೆ ಇಂಥದ್ದೊಂದು ಬೇಕು ಎಂದು ಪಟ್ಟು ಹಿಡಿದರು. ಅಷ್ಟರಲ್ಲಿ ಕರೆಂಟು ಹೋಯಿತು, ಬಲ್ಬೂ ಆರಿತು. ಕರೆಂಟಿದ್ದರೆ ಮಾತ್ರ ಉರಿಯುವುದೋ ಎಂದು ಕೇಳಿದರು. ಹೌದು ಎಂದೆ.

"ಕರೆಂಟಿದ್ರೆ ನಮ್ ಬಲ್ಬೂ ಉರೀತದೆ, ಬುಡು" ಎಂದು ಎದ್ದು ಹೋದರು.

೩. ಪರೀಕ್ಷೆ

ಮರುದಿನ ಬೆಳಗ್ಗೆಯೇ ಗುಂಡ್ಲುಪೇಟೆಯಲ್ಲಿ ಆ ಡಬ್ಬ ಕೂರಿಸಿದ ಕಂಪ್ಯೂಟರ್ ಚಾಲೂ ಮಾಡಿ ಎದುರಿಗೆ ಕೂತೆ. ಯಜಮಾನರು ಆಗಾಗ ಬಂದು ಕ್ಯಾಬಿನೆಟ್ ಮುಟ್ಟಿ ನೋಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಡಬ್ಬ ಬೆಚ್ಚಗಾಯಿತು, ನನ್ನ ಕೈ ತಣ್ಣಗಾಯಿತು. ಆದರೂ ನಿಲ್ಲಲಿಲ್ಲ. ಪುಣ್ಯಕ್ಕೆ ಕರೆಂಟೂ ಹೋಗಲಿಲ್ಲ. ಸಂಜೆಗೆ ಇನ್ನು ಅರ್ಧ ಗಂಟೆಯಿದೆ ಎನ್ನುವಾಗ, ಗೆದ್ದೆ ಎಂಬ ಖುಷಿಯಲ್ಲಿ ಟೀ ಕುಡಿಯಲು ಹೋದೆ.

ವಾಪಸ್ ಬಂದರೆ ಪರದೆ ಕಪ್ಪಾಗಿತ್ತು. ಕ್ಯಾಬಿನೆಟ್ಟಿನ ಮೇಲೆ ಒದ್ದೆ ಗೋಣಿಚೀಲ ಹೊದಿಸಿತ್ತು, ಹಿಂದಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನನಗೆ ಅಳುವೇ ಬಂತು. ಇನ್ನೆಲ್ಲಿಯ ನಾಲ್ಕು ಕಂಪ್ಯೂಟರ್ ಎಂದುಕೊಂಡೆ. ಯಜಮಾನರು ಮಾತ್ರ ಸಮಾಧಾನವಾಗಿ ಪಕ್ಕದಲ್ಲೇ ನಿಂತಿದ್ದರು. ತೋಟದ ಪಂಪ್‌ಸೆಟ್ ಮೋಟರು ಕಾದಾಗ ಅವರು ಮಾಡುವುದೂ ಹೀಗೆಯೇ ಅಂತೆ. ಕ್ಯಾಬಿನೆಟ್ ಮೇಲೆ ಅಂಗೈಯಿಟ್ಟು ನೋಡಿ ತಲೆಯಾಡಿಸಿದರು.

"ಇನ್ನು ನಾಕೂ ಇಂಥವೇ ತನ್ನಿ. ನಮ್ ಮೋಟ್ರಿಗೆ ಎರಡು ಗೋಣಿ ಬೇಕು, ಇದು ಒಂದ್ರಲ್ಲೇ ತಣ್ಣಗಾಗೋಯ್ತು."